ಬಿರಡೆಯಣ್ಣನ ಬಿಗಿ ಅಂಗಿ

ನೀರು ಸರಬರಾಜು ಕಚೇರಿಯ ಹಿಂದಿನ ವರಾಂಡದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿರುವ ಒಂದು ಕಬ್ಬಿಣದ ಬಳೆಯಿದೆ. ನೆಲದಿಂದ ಐದಡಿ ಎತ್ತರ, ಅಗಲ ಸರಿಯಾಗಿ ಇಪ್ಪತ್ತು ಇಂಚು. ಊರಿನಲ್ಲಿರುವ ಹನ್ನೊಂದು ಓವರ್‌ಹೆಡ್ ಟ್ಯಾಂಕುಗಳ ನೆತ್ತಿಯ ಮೇಲಿನ ಬಾಯಿಯೂ ಅಷ್ಟೇ ಅಗಲ. ವರ್ಷಕ್ಕೊಮ್ಮೆ, ಟ್ಯಾಂಕು ತೊಳೆಯುವ ಕೆಲಸ ಶುರುವಾಗುವ ಮೊದಲು, ಒಳಗಿಳಿಯುವ ನೌಕರರೆಲ್ಲ ಬನಿಯನ್-ಚಡ್ಡಿಯಲ್ಲಿ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಏಣಿ ಹತ್ತಿ, ಎರಡೂ ಕೈ ಮೇಲೆತ್ತಿ, ಕಾಲು ಮೊದಲಾಗಿ ಆ ಬಳೆಯೊಳಗಿಂದ ಇಳಿಯಬೇಕು. ಇಳಿದವನು ಟ್ಯಾಂಕಿಗೆ, ಇಳಿಯದವನು ಮೇಜಿಗೆ. ಐವತ್ತು ತುಂಬಿದವರಿಗೆ ಬಳೆಯೂ ಇಲ್ಲ, ಟ್ಯಾಂಕೂ ಇಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮ ಯಾರೆಂದು ಯಾರಿಗೂ ಗೊತ್ತಿಲ್ಲ. ಎಷ್ಟೋ ಇಂಜಿನಿಯರುಗಳು ಬಂದರು, ವರ್ಗವಾಗಿ ಹೋದರು. ಬಳೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ನಮ್ಮ ಕಥಾನಾಯಕ ಹತ್ತೊಂಬತ್ತು ವರ್ಷ ಈ ಬಳೆಯಲ್ಲಿ ಸಲೀಸಾಗಿ ಇಳಿದು, ಇಪ್ಪತ್ತನೆಯ ವರ್ಷ ಸಿಕ್ಕಿಹಾಕಿಕೊಂಡ. ಆಗ ಅವನ ತೂಕ ನೂರನಾಲ್ಕು ಕಿಲೋ. ಹೊಟ್ಟೆ ಬಳೆಯ ಮೇಲೆ ಕೂತಿತು, ಕಾಲು ಕೆಳಗೆ ನೇತಾಡಿತು, ಮೇಲೆತ್ತಿದ ಕೈಗಳು ಮೇಲೆಯೇ ಉಳಿದವು. ಕೆಲವರು ಕಾಲು ಹಿಡಿದು ಎಳೆದರು, ಕೆಲವರು ಭುಜ ಹಿಡಿದು ಒತ್ತಿದರು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಎಲ್ಲರೂ ಹೋಗಿ ಊಟ ಮಾಡಿ ಬಂದರು. ಕರುಣೆಯಿದ್ದ ಒಬ್ಬರು ಅವನ ಡಬ್ಬಿಯನ್ನೂ ಅಲ್ಲಿಗೇ ತಂದುಕೊಟ್ಟರು, ಅವನು ತಿಂದ, ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕೊನೆಗೆ ಕೈತೊಳೆಯುವ ಸೋಪಿನ ಎರಡು ಬಿಲ್ಲೆ ಕರಗಿಸಿ ಸುತ್ತಲೂ ಹೊಯ್ದ ಮೇಲೆ ಬಾಟಲಿಯ ಬಿರಡೆ ಕಿತ್ತ ಹಾಗೆ ಶಬ್ದವಾಗಿ ಅವನು ಮೇಲಕ್ಕೆ ಬಂದ. ಅಂದಿನಿಂದ ಇಡೀ ಕಚೇರಿಗೆ ಅವನು ಬಿರಡೆ. ವಯಸ್ಸಿಗೆ ಮರ್ಯಾದೆ ಕೊಡುವವರು ಬಿರಡೆಯಣ್ಣ ಎನ್ನುತ್ತಿದ್ದರು.

ಅವನನ್ನು ಸ್ಟೋರಿಗೆ, ಅಲ್ಲಿನ ಸ್ಟೋರ್ ಕೀಪರರ ಕೈಕೆಳಗೆ ಹಾಕಿದರು. ನಲ್ಲಿ, ವಾಷರು, ಪೈಪಿನ ಮೊಣಕೈಗಳನ್ನು ಎಣಿಸಿ ಕೊಡುವ ಕೆಲಸ. ಮೊದಲ ದಿನವೇ, ಯಾರೂ ಕೇಳದಿದ್ದರೂ, ಅವನು ಕೌಂಟರಿನ ಮೇಲೆ ಮೊಣಕೈ ಊರಿ ಒಂದು ಹೇಳಿಕೆ ಕೊಟ್ಟ. "ಟ್ಯಾಂಕು ಯಾರಿಗೆ ಬೇಕು? ಕತ್ತಲೆ, ತಂಡಿ, ಪಾಚಿ. ಇಲ್ಲಿ ಫ್ಯಾನಿದೆ, ಕುರ್ಚಿ ಇದೆ. ನನಗಂತೂ ಅದರ ಆಸೆ ಎಳ್ಳಷ್ಟೂ ಇಲ್ಲ. ಬಾ ಅಂತ ಕರೆದ್ರೂ ನಾನು ಹೋಗೋದಿಲ್ಲ."

ಅದು ಹಸಿ ಸುಳ್ಳು. ಖಾಲಿ ಟ್ಯಾಂಕಿನ ಒಳಗೆ ನಿಂತು ಮಾತಾಡಿದವರಿಗೆ ಮಾತ್ರ ಆ ಸುಖ ಗೊತ್ತು. ಹೊರಗೆ ಹೆಂಡತಿಗೂ ಕೇಳಿಸದ ಅವನ ಪೀಚು ದನಿ ಅಲ್ಲಿ ನಾಲ್ಕೂ ಕಡೆಯಿಂದ ತಿರುಗಿ ಬರುವಾಗ ಮಹಾರಾಜನದಾಗಿರುತ್ತಿತ್ತು. ಒಳಗಿಳಿದವನು ಗೋಡೆಯ ಸ್ಥಿತಿಯನ್ನು ಕೂಗಿ ಹೇಳಬೇಕು, ಮೇಲಿದ್ದವನು ಬರೆದುಕೊಳ್ಳಬೇಕು, ಅದು ಪದ್ಧತಿ. "ಗೋಡೆ ಸರಿ" ಎಂದು ಅವನು ಒಮ್ಮೆ ಕೂಗಿದರೆ ಟ್ಯಾಂಕು ಅದನ್ನು ನಾಲ್ಕು ಸಲ ಒಪ್ಪಿಕೊಳ್ಳುತ್ತಿತ್ತು. ಅಷ್ಟು ಸಲ ಅವನ ಮಾತನ್ನು ಒಪ್ಪಿದವರು ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ.

ಆದ್ದರಿಂದ ಅವನು ತೆಳ್ಳಗಾಗಲು ನಿಶ್ಚಯಿಸಿದ. ಆದರೆ ಹೇಳಿಕೆ ಕೊಟ್ಟುಬಿಟ್ಟಿದ್ದನಲ್ಲ, ಅದಕ್ಕಾಗಿ ಗುಟ್ಟಾಗಿ ತೆಳ್ಳಗಾಗಬೇಕಾಯಿತು. ಬೆಳಗ್ಗೆ ಎದುರುಮನೆಯವರು ಏಳುವ ಮೊದಲು ಖಾಲಿ ಹಾಲಿನ ಪಾತ್ರೆ ಹಿಡಿದು ಹೊರಡುತ್ತಿದ್ದ. ಆಟದ ಮೈದಾನಕ್ಕೆ ಹನ್ನೆರಡು ಸುತ್ತು ಹಾಕಿ, ಎಲ್ಲೋ ಒಂದು ಕಡೆ ಹಾಲು ತುಂಬಿಸಿಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದ. ಮನೆಯಲ್ಲಿ ಸೌತೆಕಾಯಿ, ಬೇಯಿಸಿದ ತರಕಾರಿ. ಕಚೇರಿಯಲ್ಲಿ ತನ್ನ ಡಬ್ಬಿಯನ್ನು ಸ್ಟೋರ್ ಕೀಪರ್ ಕಡೆ ತಳ್ಳಿ, "ನನಗೆ ಸೇರ್ತಾ ಇಲ್ಲ, ನೀವೇ ತಿನ್ನಿ" ಎನ್ನುತ್ತಿದ್ದ. ಸ್ಟೋರ್ ಕೀಪರ್ ಮರುಕಪಡುತ್ತ ತಿನ್ನುತ್ತಿದ್ದರು. ಇಪ್ಪತ್ತು ತಿಂಗಳಲ್ಲಿ ಬಿರಡೆಯಣ್ಣ ಮೂವತ್ತೇಳು ಕಿಲೋ ಇಳಿದ. ಸ್ಟೋರ್ ಕೀಪರ್ ಹನ್ನೊಂದು ಏರಿದರು. ಉಳಿದ ಇಪ್ಪತ್ತಾರು ಎಲ್ಲಿ ಹೋಯಿತೋ ಲೆಕ್ಕ ಸಿಕ್ಕಿಲ್ಲ.

ಇಳಿದದ್ದು ಯಾರಿಗೂ ತಿಳಿಯಬಾರದೆಂದು ಅವನು ಹಳೆಯ ಅಂಗಿಗಳನ್ನೇ ಹಾಕುತ್ತಿದ್ದ. ಅಂಗಿಯೊಳಗೆ ಅವನನ್ನು ಹುಡುಕಬೇಕಾಗಿತ್ತು.

ಎಲ್ಲವೂ ಅಂದುಕೊಂಡ ಹಾಗೆ ನಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಂದು ಭಾನುವಾರ ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತಾಗ ಬಿರಡೆಯಣ್ಣನಿಗೆ ಹೊಸ ಸತ್ಯವೊಂದು ಎದುರಾಯಿತು. ಹೊಟ್ಟೆ ಹೋಗಿತ್ತು, ಹೊಟ್ಟೆಯ ಹೊದಿಕೆ ಹೋಗಿರಲಿಲ್ಲ. ಅದು ಮೂರು ಮಡಿಕೆಯಾಗಿ ಸೊಂಟದಿಂದ ಕೆಳಗೆ ಇಳಿಬಿದ್ದಿತ್ತು. ಕೈ ಬೀಸಿ ನಿಲ್ಲಿಸಿದ ಮೇಲೂ ತೋಳಿನ ಕೆಳಗಿನ ಚರ್ಮ ಇನ್ನಷ್ಟು ಹೊತ್ತು ಟಾಟಾ ಹೇಳುತ್ತಿತ್ತು. ಮೆಟ್ಟಿಲು ಬೇಗ ಇಳಿದರೆ ಪಟ್ ಪಟ್ ಎಂದು ಸದ್ದು ಬರುತ್ತಿತ್ತು. ಯಾರೋ ಹಿಂದೆ ಬರುತ್ತಿದ್ದಾರೆಂದು ಅವನು ಎರಡು ಸಲ ತಿರುಗಿ ನೋಡಿದ್ದ. ಸೆಕೆಯಲ್ಲಿ ಮಡಿಕೆಗಳ ನಡುವೆ ಬೆವರಿ ನವೆಯಾಗುತ್ತಿತ್ತು, ದಿನಕ್ಕೆ ಎರಡು ಸಲ ಪೌಡರ್ ಹಾಕಬೇಕಾಗಿತ್ತು. ಪ್ಯಾಂಟು ಹಾಕುವುದಂತೂ ಇಬ್ಬರ ಕೆಲಸ: ಎಡಗೈ ಚರ್ಮವನ್ನು ಮೇಲೆತ್ತಿ ಹಿಡಿಯಬೇಕು, ಬಲಗೈ ಗುಂಡಿ ಹಾಕಬೇಕು, ಉಸಿರು ಸ್ವಲ್ಪ ಹೊತ್ತು ಕಾಯಬೇಕು.

ಅವನ ಹೆಂಡತಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ದಿನವಿಡೀ ಮಕ್ಕಳ ತಂದೆತಾಯಿಗಳನ್ನು ನಿಭಾಯಿಸಿದವಳಾದ್ದರಿಂದ ಯಾವುದಕ್ಕೂ ಸುಲಭಕ್ಕೆ ಗಾಬರಿಯಾಗುವವಳಲ್ಲ. ಅವನು ಅವಳನ್ನು ಕರೆದು ತೋರಿಸಿದ.

"ಹರಿದಿದೆಯಾ?" ಎಂದು ಅವಳು ಕೇಳಿದಳು.

"ಇಲ್ಲ."

"ಎಲ್ಲಾದ್ರೂ ಸೋರ್ತಿದೆಯಾ?"

"ಇಲ್ಲ."

"ಮತ್ತಿನ್ನೇನು, ಮಡಚಿ ಒಳಗೆ ಹಾಕ್ಕೊಂಡು ಊಟಕ್ಕೆ ಬನ್ನಿ."

ಆದರೆ ಬಳೆ ಪರೀಕ್ಷೆ ಬನಿಯನ್ನಿನಲ್ಲಿ ನಡೆಯುತ್ತದೆ. ಇನ್ನು ಎರಡು ತಿಂಗಳು ಉಳಿದಿತ್ತು. ಅವನಿಗೆ ನಲವತ್ತೊಂಬತ್ತು, ಈ ವರ್ಷ ಬಿಟ್ಟರೆ ಜನ್ಮದಲ್ಲಿ ಇನ್ನು ಟ್ಯಾಂಕಿಲ್ಲ. ಆ ಬಳೆಯೊಳಗೆ, ಇಡೀ ಕಚೇರಿಯ ಎದುರು, ಮೊದಲು ತಾನು ಇಳಿದು, ತನ್ನ ಹಿಂದೆ ತನ್ನ ಚರ್ಮ ನಿಧಾನವಾಗಿ ಇಳಿದು ಬರುವುದನ್ನು ನೆನೆದೇ ಅವನಿಗೆ ಮೈ ಬೆವೆತಿತು. ಬಿರಡೆ ಎಂಬ ಹೆಸರನ್ನಾದರೂ ಹೇಗೋ ನುಂಗಿಕೊಂಡಿದ್ದ. ಇದಕ್ಕೆ ಏನು ಹೆಸರಿಡುತ್ತಾರೋ ಎಂಬುದೇ ಅವನ ಭಯ.

ಆಗ ಒದಗಿದವನು ಭಾವ, ಹೆಂಡತಿಯ ಅಣ್ಣ. ಔಷಧಿ ಅಂಗಡಿಯವನು. ಅವನ ಅಂಗಡಿಯಲ್ಲಿ ಪರಿಹಾರವಿಲ್ಲದ ಕಾಯಿಲೆಯಿಲ್ಲ. ಪರಿಹಾರ ಕಪಾಟಿನಲ್ಲಿ ತುಂಬಾ ದಿನ ಉಳಿದಿದ್ದರೆ ಅದಕ್ಕೆ ತಕ್ಕ ಕಾಯಿಲೆಯನ್ನೂ ಅವನೇ ಹುಡುಕಿ ಕೊಡುತ್ತಾನೆ. ಬಿರಡೆಯಣ್ಣನ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಬಿಟ್ಟು, ಅದು ಮರಳಿ ಹೋಗುವ ವೇಗವನ್ನು ಗಮನಿಸಿ ಹೇಳಿದ: "ಆಪರೇಷನ್ ಮಾಡಿ ಕತ್ತರಿಸ್ತಾರೆ. ಅದು ಬೇಡ ಅಂದ್ರೆ ಇದು. ಎಂಟು ವಾರ ಬಿಡದೆ ಹಾಕ್ಕೋ. ಚರ್ಮ ತಾನಾಗೇ ಒಳಗೆ ಹೋಗುತ್ತೆ."

"ಒಳಗೆ ಅಂದ್ರೆ ಎಲ್ಲಿಗೆ ಭಾವ?"

"ಅದೆಲ್ಲ ನಿನಗ್ಯಾಕೆ? ಹೋಗುತ್ತೆ."

ಅದು ಕುತ್ತಿಗೆಯಿಂದ ತೊಡೆಯವರೆಗೆ ಬರುವ, ಮೈಬಣ್ಣದ, ದಪ್ಪ ರಬ್ಬರಿನಂಥ ಬಟ್ಟೆಯ ಬಿಗಿ ಅಂಗಿ. ಪಕ್ಕದಲ್ಲಿ ಇಪ್ಪತ್ತೆಂಟು ಕೊಕ್ಕೆ. ಬೆಳಗ್ಗೆ ಹೆಂಡತಿ ಅವನನ್ನು ಗೋಡೆಗೆ ಒರಗಿಸಿ, ಮೊಣಕಾಲಿನಿಂದ ಅದುಮಿ, ಕೆಳಗಿನಿಂದ ಒಂದೊಂದೇ ಕೊಕ್ಕೆ ಹಾಕುತ್ತ ಬರುತ್ತಿದ್ದಳು. ಹದಿನೈದನೆಯ ಕೊಕ್ಕೆಯ ಹೊತ್ತಿಗೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಇಪ್ಪತ್ತೆಂಟು ಮುಗಿದ ಮೇಲೆ ಅವನು ಪಾಸ್‌ಪೋರ್ಟ್ ಫೋಟೋದವನ ಹಾಗೆ ನೆಟ್ಟಗೆ ಕಚೇರಿಗೆ ಹೋಗುತ್ತಿದ್ದ. ಬಗ್ಗುವಂತಿಲ್ಲ, ನಗುವಂತಿಲ್ಲ, ಸೀನು ಬಂದರೆ ದೇವರೇ ಗತಿ. ವಾಷರು ಕೆಳಗೆ ಬಿದ್ದರೆ ಅದನ್ನೇ ನೋಡುತ್ತ ನಿಂತು, "ಸ್ವಲ್ಪ ಎತ್ತಿಕೊಡ್ತೀರಾ?" ಎಂದು ಸ್ಟೋರ್ ಕೀಪರರನ್ನು ಕೇಳುತ್ತಿದ್ದ. ಅವರು ಎತ್ತಿಕೊಡುತ್ತಿದ್ದರು, ಅವನ ಮುಖ ನೋಡುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸ್ಟೋರ್ ಕೀಪರ್ ಇದ್ದದ್ದು ಅದೇ ಕ್ವಾರ್ಟರ್ಸಿನ ಎದುರುಮನೆಯಲ್ಲಿ. ಅವರ ಹೆಂಡತಿಯನ್ನು ಇಡೀ ಸಾಲು ಅಕ್ಕ ಎಂದು ಕರೆಯುತ್ತಿತ್ತು. ಅಕ್ಕ ಒಳ್ಳೆಯ ಮನಸ್ಸಿನವಳು. ಯಾರಿಗೆ ಏನು ಕಷ್ಟ ಬಂದರೂ ಅವರಿಗಿಂತ ಮೊದಲು ಅವಳಿಗೆ ತಿಳಿದಿರುತ್ತಿತ್ತು. ಆ ವಾರ ಬಿಗಿ ಅಂಗಿಯನ್ನು ಒಗೆದು ಮಾಳಿಗೆಯ ತಂತಿಗೆ ಹಾಕಿದ್ದರು. ಅಕ್ಕ ತನ್ನ ಬಟ್ಟೆ ತೆಗೆಯಲು ಹೋದವಳು ಅದರ ಮುಂದೆ ನಿಂತಳು. ಕೊಕ್ಕೆಗಳನ್ನು ಮುಟ್ಟಿದಳು, ಎಣಿಸಿದಳು. ಕೆಳಗೆ ಬಂದು ಗಂಡನಿಗೆ ಹೇಳಿದಳು: "ಇದನ್ನ ನಾನು ನೋಡಿದೀನಿ. ನಮ್ಮ ಚಿಕ್ಕಪ್ಪಂಗೆ ಆಪರೇಷನ್ ಆದ್ಮೇಲೆ ಇಂಥದ್ದೇ ಹಾಕಿದ್ರು. ಆರು ತಿಂಗಳು."

"ಆರು ತಿಂಗಳಲ್ಲಿ ವಾಸಿಯಾಯ್ತಾ?"

"ಆರು ತಿಂಗಳೇ ಇದ್ರು."

ಸ್ಟೋರ್ ಕೀಪರರಿಗೆ ಈಗ ಎಲ್ಲವೂ ಹೊಂದಿಕೊಂಡಿತು. ಸೇರದ ಊಟ. ಹಾಲು ತರುವಷ್ಟಕ್ಕೇ ಬರುವ ಏದುಸಿರು. ಜೋಲುವ ಕೆನ್ನೆ. ಎತ್ತಲಾಗದ ವಾಷರು. ಇಪ್ಪತ್ತೈದು ವರ್ಷ ಸಾಮಾನು ಹೊಂದಿಸಿ ಇಟ್ಟ ಮನುಷ್ಯ ಅವರು. ಒಂದು ತುಂಡೂ ಹೊರಗೆ ಉಳಿಯದ ಹಾಗೆ ಹೊಂದಿಸಿದರು.

ಸಂಜೆ ಗಂಡ ಹೆಂಡತಿ ಇಬ್ಬರೂ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಂದರು. ದನಿ ತಗ್ಗಿಸಿ ಮಾತಾಡಿದರು. ಕುರ್ಚಿಯ ತುದಿಯಲ್ಲಿ ಕೂತರು.

"ಹೇಗಿದೀಯಪ್ಪಾ?" ಎಂದು ಸ್ಟೋರ್ ಕೀಪರ್ ಕೇಳಿದರು. ಅರ್ಧ ಗಂಟೆಯ ಹಿಂದಷ್ಟೇ ಇಬ್ಬರೂ ಒಟ್ಟಿಗೆ ಸ್ಟೋರಿಗೆ ಬೀಗ ಹಾಕಿ ಬಂದಿದ್ದರು.

"ಚೆನ್ನಾಗಿದೀನಿ. ಯಾಕೆ?"

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೇ ಧೈರ್ಯ ಬೇಕು" ಎಂದಳು ಅಕ್ಕ. "ನಮ್ಮ ಚಿಕ್ಕಪ್ಪಾನೂ ಕೊನೇವರೆಗೂ ಹೀಗೇ ಅಂತಿದ್ರು."

"ನಿಮ್ಮ ಚಿಕ್ಕಪ್ಪಂಗೇನಾಗಿತ್ತು?"

"ಈಗ ಅದೆಲ್ಲ ಯಾಕೆ. ಹಣ್ಣು ತಿನ್ನು."

ಬಿರಡೆಯಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಹಣ್ಣು ತಿನ್ನಬಹುದೋ ಬೇಡವೋ ಎಂದು ಅವನು ಲೆಕ್ಕ ಹಾಕುತ್ತಿದ್ದ. ಅವನ ಪಟ್ಟಿಯಲ್ಲಿ ದಿನಕ್ಕೆ ಒಂದು ಹಣ್ಣಷ್ಟೇ ಇತ್ತು. ಆ ಹಿಂಜರಿಕೆಯನ್ನು ಕಂಡು ಅಕ್ಕ ಕರವಸ್ತ್ರ ಹುಡುಕಿ ಕಣ್ಣಿಗೆ ಒತ್ತಿಕೊಂಡಳು. ಅವರು ಎದ್ದು ಹೋದ ಮೇಲೆ ಹೆಂಡತಿ ಬಾಗಿಲು ಹಾಕಿ, "ನಿಮಗೆ ಕಾಯಿಲೆ ಅಂದ್ಕೊಂಡಿದಾರೆ" ಎಂದಳು.

"ಯಾವ ಕಾಯಿಲೆ?"

"ದೊಡ್ಡದು. ಹಣ್ಣು ಎರಡು ಡಜನ್ ಇದೆ."

ಒಂದೇ ವಾರದಲ್ಲಿ ಸುದ್ದಿ ಕಚೇರಿಯೆಲ್ಲ ಹರಡಿತು. ಅವನನ್ನು ಬಿರಡೆ ಎಂದು ಕರೆಯುವುದನ್ನು ಎಲ್ಲರೂ ನಿಲ್ಲಿಸಿದರು. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಸ್ಟೋರಿನ ಮರದ ಸ್ಟೂಲು ಹೋಗಿ ಮೆತ್ತೆಯ ಕುರ್ಚಿ ಬಂದಿತು. ನಲ್ಲಿ ಕೇಳಲು ಬಂದವರು ತಾವೇ ಒಳಗೆ ಹೋಗಿ ಎತ್ತಿಕೊಂಡು, ತಾವೇ ಬರೆದು, ಅವನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಅವನು ಏನಾದರೂ ತಮಾಷೆ ಮಾಡಿದರೆ ಎಲ್ಲರೂ ಸ್ವಲ್ಪ ಹೆಚ್ಚೇ ನಗುತ್ತಿದ್ದರು.

"ನನಗೇನೂ ಆಗಿಲ್ಲ" ಎಂದು ಅವನು ಸ್ಟೋರ್ ಕೀಪರರಿಗೆ ಹೇಳಿದ. "ನಾನೇ ಬೇಕು ಅಂತ ತೆಳ್ಳಗಾಗಿದೀನಿ."

"ಯಾತಕ್ಕೆ?"

"ಟ್ಯಾಂಕಿಗೆ ಇಳಿಯೋಕೆ."

ಸ್ಟೋರ್ ಕೀಪರ್ ಅವನ ಕೈ ಹಿಡಿದುಕೊಂಡರು. "ಟ್ಯಾಂಕಿನ ಆಸೆ ಎಳ್ಳಷ್ಟೂ ಇಲ್ಲ ಅಂತ ನೀನೇ ಇಲ್ಲಿ ನಿಂತು ಹೇಳಿದ್ದೀಯ. ನನ್ನ ಹತ್ರ ಯಾಕಪ್ಪಾ ಮುಚ್ಚುಮರೆ?"

ಬಳೆ ಪರೀಕ್ಷೆಗೆ ಅವನು ಗುಟ್ಟಾಗಿ ಅರ್ಜಿ ಹಾಕಿದ್ದ. ಪಟ್ಟಿ ಹೊರಬಿದ್ದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಹೋಗಿ ವಿಚಾರಿಸಿದರೆ ಇಂಜಿನಿಯರ್ ಸಾಹೇಬರು ಎದ್ದು ನಿಂತು ಅವನಿಗೆ ಕುರ್ಚಿ ಎಳೆದುಕೊಟ್ಟರು. ಹೊಸದಾಗಿ ಬಂದವರು, ಮೃದು ಸ್ವಭಾವದವರು. ತಾನು ಮೊದಲು ಮನುಷ್ಯ, ಇಂಜಿನಿಯರ್ ಆಮೇಲೆ ಎಂದು ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಅವರು ಹಾಕಿಸಿದ ಪೈಪುಗಳನ್ನು ನೋಡಿದವರು ಅದನ್ನು ಒಪ್ಪುತ್ತಿದ್ದರು.

"ನಿಮ್ಮ ಅರ್ಜಿ ನೋಡಿದೆ" ಎಂದರು. "ಕಣ್ಣಲ್ಲಿ ನೀರು ಬಂತು. ಇಂಥ ಸ್ಥಿತಿಯಲ್ಲೂ ಕರ್ತವ್ಯದ ಯೋಚನೆ."

"ಎಂಥ ಸ್ಥಿತಿ ಸಾರ್? ನಾನು ಗಟ್ಟಿಮುಟ್ಟಾಗಿದೀನಿ. ದಿನಾ ಹನ್ನೆರಡು ಸುತ್ತು ನಡೀತೀನಿ."

"ನಮ್ಮ ತಂದೆಯವರೂ ನಡೀತಿದ್ರು" ಎಂದು ಸಾಹೇಬರು ಕಿಟಕಿಯ ಕಡೆ ನೋಡಿದರು. "ನಿಮ್ಮನ್ನ ಖಾಯಮ್ಮಾಗಿ ಸ್ಟೋರಲ್ಲೇ ಇರಿಸೋಕೆ ಆರ್ಡರ್ ಬರೀತಿದೀನಿ. ನಿವೃತ್ತಿವರೆಗೂ ಯಾರೂ ನಿಮ್ಮನ್ನ ಅಲ್ಲಾಡಿಸೋ ಹಾಗಿಲ್ಲ. ಇದು ನನ್ನ ಕೈಲಾದ ಸಣ್ಣ ಉಪಕಾರ."

ಕೆಟ್ಟ ಅಧಿಕಾರಿಯಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವರ ಮುಂದೆ ಏನು ಮಾಡುವುದು? ಈಗ ಉಳಿದದ್ದು ಒಂದೇ ದಾರಿ: ಅಂಗಿ ಬಿಚ್ಚಿ, ಕೊಕ್ಕೆ ಕಳಚಿ, ನೋಡಿ ಸಾರ್, ಇದು ಕಾಯಿಲೆಯಲ್ಲ, ಮಿಕ್ಕ ಚರ್ಮ ಎಂದು ತೋರಿಸುವುದು. ಬಿರಡೆಯಣ್ಣ ಮೇಲಿನ ಗುಂಡಿಗೆ ಕೈ ಹಾಕಿದ. ಅಷ್ಟರಲ್ಲಿ ಟೈಪಿಸ್ಟ್ ಒಳಗೆ ಬಂದಳು. ಅವನು ಗುಂಡಿಯನ್ನು ಮತ್ತೆ ಹಾಕಿಕೊಂಡು, ಸಾಹೇಬರಿಗೆ ಥ್ಯಾಂಕ್ಸ್ ಹೇಳಿ ಹೊರಬಂದ.

ಮನೆಯಲ್ಲಿ ಅವನು ಬಾಯಿಬಿಟ್ಟು ಎಲ್ಲವನ್ನೂ ಹೇಳಿಕೊಂಡ. ಹೆಂಡತಿ ಆ ದಿನದ ಕಿತ್ತಳೆ ಸುಲಿಯುತ್ತ ಕೇಳಿದಳು.

"ಸಾಯ್ತಾ ಇದಾನೆ ಅಂತ ಊರೆಲ್ಲ ಹೇಳ್ತಿದೆ. ಅದಕ್ಕೆ ನಾಚಿಕೆ ಇಲ್ಲ. ಬದುಕಿದೀನಿ ಅಂತ ತೋರ್ಸೋಕೆ ನಾಚಿಕೆ."

"ಚರ್ಮ ನೋಡಿ ನಗ್ತಾರೆ."

"ನಗಲಿ. ಸೋಪು ಹಾಕಿ ಎಳೆದಾಗಲೂ ನಕ್ಕಿದ್ರು. ನೀವೇನು ಕರಗಿಹೋದ್ರಾ?" ಹಣ್ಣಿನ ಸಿಪ್ಪೆಯನ್ನು ಒಂದೇ ಸುತ್ತಿಗೆ ಬಿಡಿಸಿ ಮೇಜಿನ ಮೇಲಿಟ್ಟಳು. "ಇಪ್ಪತ್ತು ತಿಂಗಳು ನಿಮ್ಮ ಜೊತೆ ನಾನೂ ಸೌತೆಕಾಯಿ ತಿಂದಿದೀನಿ. ನೀವು ಬಳೆ ಇಳೀದೆ ಮನೆಗೆ ಬಂದ್ರೆ ನಾನು ಬಾಗಿಲು ತೆಗೆಯೋದಿಲ್ಲ."

ಪರೀಕ್ಷೆಯ ದಿನ ಬಂದಿತು. ಬಿರಡೆಯಣ್ಣ ಅರ್ಧ ಮಾತು ಕೇಳಿದ್ದ, ಅರ್ಧ ಕೇಳಿರಲಿಲ್ಲ: ಬಳೆಗೆ ಹೊರಟಿದ್ದ, ಆದರೆ ಬನಿಯನ್ನಿನ ಒಳಗೆ ಬಿಗಿ ಅಂಗಿ ಹಾಕಿಕೊಂಡೇ ಹೊರಟಿದ್ದ. ವರಾಂಡದಲ್ಲಿ ಎಲ್ಲರೂ ಸೇರಿದ್ದರು. ತೆಳ್ಳನೆಯ ನೌಕರರು ಒಬ್ಬೊಬ್ಬರಾಗಿ ಸರಕ್ ಸರಕ್ ಎಂದು ಇಳಿದರು. ಕೊನೆಯವನು ಇಳಿದ ಮೇಲೆ ಬಿರಡೆಯಣ್ಣ ಮುಂದೆ ಬಂದು ನಿಂತ.

"ಬೇಡಿ" ಎಂದರು ಸಾಹೇಬರು. "ದಯವಿಟ್ಟು. ಏಣಿಯಿಂದ ಬಿದ್ದುಗಿದ್ದೀರಿ."

"ಇದೊಂದೇ ಸಲ ಸಾರ್. ಮುಂದಿನ ವರ್ಷ ನನಗೆ ಬಳೆ ಇಲ್ಲ."

ಐವತ್ತು ತುಂಬುವುದನ್ನೇ ಅವನು ಹೇಳಿದ್ದು. ಆದರೆ ವರಾಂಡದಲ್ಲಿದ್ದವರೆಲ್ಲ ಅದನ್ನು ಬೇರೆಯೇ ಅರ್ಥದಲ್ಲಿ ಕೇಳಿಸಿಕೊಂಡರು. ಸ್ಟೋರ್ ಕೀಪರ್ ಮುಂದೆ ಬಂದು, "ಬಿಡಿ ಸಾರ್, ಕೊನೇ ಆಸೆ ಅಂದ್ಕೊಳ್ಳಿ" ಎಂದರು. ಬಿರಡೆಯಣ್ಣ ತಿದ್ದಲು ಬಾಯಿ ತೆರೆದ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆ ಸುಳ್ಳು ತನ್ನ ಪಕ್ಷ ವಹಿಸಿದ್ದು ಕಂಡು, ಬಾಯಿ ಮುಚ್ಚಿಕೊಂಡ. ಸಾಹೇಬರು ತಲೆತಗ್ಗಿಸಿ ಒಪ್ಪಿಗೆ ಕೊಟ್ಟರು.

ಅವನು ಏಣಿ ಹತ್ತಿದ. ಕೈ ಮೇಲೆತ್ತಿದ. ಕಾಲು ಇಳಿಯಿತು, ತೊಡೆ ಇಳಿಯಿತು, ಹಿಂದೊಮ್ಮೆ ಅವನ ಮರ್ಯಾದೆಯನ್ನೆಲ್ಲ ನುಂಗಿದ್ದ ಆ ಹೊಟ್ಟೆಯ ಜಾಗವೂ ಇಳಿಯಿತು. ಗಾಳಿ ಆಡುವಷ್ಟು ಸಂದು ಸುತ್ತಲೂ ಇತ್ತು. ಆದರೆ ಮೈ ಉಜ್ಜದಿರಲೆಂದು ಆ ಬಳೆಗೆ ಗೋಣಿಯ ಪಟ್ಟಿ ಸುತ್ತಿದ್ದರು. ಬನಿಯನ್ನು ಮೇಲೆ ಸರಿಯಿತು, ಪಕ್ಕದ ಕೊಕ್ಕೆಯೊಂದು ಬಿಚ್ಚಿ ಗೋಣಿಗೆ ಸಿಕ್ಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಟ್ಟಿಗೆ ಐದು. ಬಿರಡೆಯಣ್ಣ ನೆಲಕ್ಕೆ ಒಂದಡಿ ಮೇಲೆ, ಎರಡು ವರ್ಷದ ಹಿಂದಿನ ಹಾಗೆಯೇ, ಕೈ ಮೇಲೆತ್ತಿ ನೇತಾಡುತ್ತ ನಿಂತ.

"ಆಂಬ್ಯುಲೆನ್ಸ್ ಕರೀರಿ" ಎಂದರು ಸಾಹೇಬರು.

"ಸೋಪು ತರಲಾ?" ಎಂದು ಅನುಭವವಿದ್ದ ಯಾರೋ ಕೇಳಿದರು.

"ಎರಡೂ ಬೇಡ" ಎಂದ ಬಿರಡೆಯಣ್ಣ. ಊಟದ ಗಂಟೆ ಹೊಡೆಯಲು ಇನ್ನು ಹತ್ತು ನಿಮಿಷವಿತ್ತು. ಇದೇ ಬಳೆಯಲ್ಲಿ ಇನ್ನೊಮ್ಮೆ ಊಟ ಮಾಡುವುದು ಅವನಿಗೆ ಬೇಡವಾಗಿತ್ತು. ಬಾಗಿಲು ತೆಗೆಯುವುದಿಲ್ಲ ಎಂದವಳ ಮುಖವೂ ನೆನಪಾಯಿತು. ಅವನು ಕಣ್ಣು ಮುಚ್ಚಿಕೊಂಡು ಹೇಳಿದ: "ಸ್ಟೋರ್ ಕೀಪರ್ ಸಾಹೇಬ್ರೇ, ಬಂದು ಈ ಕೊಕ್ಕೆ ಬಿಚ್ಚಿ. ಎಲ್ಲ ಬಿಚ್ಚಿ. ಇನ್ನು ಇಪ್ಪತ್ತೊಂದಿವೆ."

ಸ್ಟೋರ್ ಕೀಪರ್ ಕೆಳಗಿನಿಂದ ಶುರುಮಾಡಿದರು. ಅಭ್ಯಾಸಬಲದಿಂದ ಗಟ್ಟಿಯಾಗಿ ಎಣಿಸುತ್ತಿದ್ದರು. ಆರನೆಯ ಕೊಕ್ಕೆಗೆ ಮೊದಲನೆಯ ಮಡಿಕೆ ಹೊರಬಂದು ಇಳಿಬಿದ್ದಿತು. ಅವರು ಎಣಿಕೆ ನಿಲ್ಲಿಸಿ ನೋಡಿದರು. ಮತ್ತೆ ಎಣಿಸಿದರು. ಹನ್ನೊಂದಕ್ಕೆ ಎರಡನೆಯದು, ಹದಿನಾರಕ್ಕೆ ಮೂರನೆಯದು. ಇಪ್ಪತ್ತೊಂದು ಎಂದದ್ದೇ ತಡ, ಅಂಗಿಯೊಳಗಿನ ಮನುಷ್ಯ ಬಳೆಯಿಂದ ಜಾರಿ ಎರಡು ಕಾಲಿನ ಮೇಲೆ ನೆಲಕ್ಕೆ ಬಂದು ನಿಂತ. ಬಿಗಿ ಅಂಗಿ ಮತ್ತು ಬನಿಯನ್ನು ಮೇಲೆ ಬಳೆಯಲ್ಲೇ ಸಿಕ್ಕಿಕೊಂಡು ಉಳಿದವು.

ಚಡ್ಡಿಯೊಂದರಲ್ಲಿ ನಿಂತ ಬಿರಡೆಯಣ್ಣನನ್ನು ಇಡೀ ಕಚೇರಿ ನೋಡಿತು. ಅವನು ಮೇಲೆತ್ತಿದ ಕೈ ಇಳಿಸುವುದನ್ನೂ ಮರೆತಿದ್ದ. ತೋಳಿನ ಚರ್ಮ ಎರಡೂ ಕಡೆ ತೂಗುತ್ತಿತ್ತು. ಸ್ಟೋರ್ ಕೀಪರ್ ಹತ್ತಿರ ಬಂದು, ಹೊಸ ಸಾಮಾನು ಪರೀಕ್ಷಿಸುವವರಂತೆ ಒಂದು ಮಡಿಕೆಯನ್ನು ಮೆಲ್ಲಗೆ ಎತ್ತಿ ಅದರ ಕೆಳಗೆ ನೋಡಿದರು. ಅಲ್ಲಿ ಹೊಲಿಗೆಯ ಗುರುತಿರಲಿಲ್ಲ, ಪೌಡರ್ ಇತ್ತು.

"ಆಪರೇಷನ್ ಎಲ್ಲಿ?" ಎಂದು ಕೇಳಿದರು.

"ಆಗಿಲ್ಲ."

"ಹಾಗಾದ್ರೆ ಇದೆಲ್ಲ?"

"ಮೊದಲು ಇದ್ದೆನಲ್ಲ, ಅದರದ್ದು. ಮಿಕ್ಕಿದೆ."

"ಅಂದ್ರೆ ನೀನು ಸಾಯೋದಿಲ್ವಾ?"

"ಸದ್ಯಕ್ಕಿಲ್ಲ."

ಸ್ಟೋರ್ ಕೀಪರ್ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಮೊದಲು ಅತ್ತರು, ಆಮೇಲೆ ರೇಗಿದರು. "ಎರಡು ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಿನ್ನ ಜಾಗಕ್ಕೆ ಇನ್ಯಾರು ಬರ್ತಾರೋ ಅಂತ ಅಲ್ಲ ಕಣೋ. ನೀನಿಲ್ಲದೆ ಆ ಸ್ಟೋರಲ್ಲಿ ನಾನು ಹೇಗೆ ಕೂರ್ಲಿ ಅಂತ. ನಿನ್ನ ಡಬ್ಬಿ ತಿಂದೂ ತಿಂದೂ ಪಾಪ ಅಂತ ಮರುಗಿ ನಾನು ಹೀಗಾಗಿದೀನಿ ನೋಡು." ಅವರು ತಮ್ಮ ಹೊಟ್ಟೆಯನ್ನು ತೋರಿಸಿದರು. ಅದು ಬಿಗಿಯಾಗಿ, ಒಂದು ಮಡಿಕೆಯೂ ಇಲ್ಲದೆ, ಹೊಳೆಯುತ್ತಿತ್ತು. ಈಗ ಎಲ್ಲರೂ ನಕ್ಕರು. ಬಿರಡೆಯಣ್ಣನೂ ನಕ್ಕ. ಕೊಕ್ಕೆಗಳಿಲ್ಲದೆ ನಕ್ಕು ಅವನಿಗೆ ಬಹಳ ದಿನವಾಗಿತ್ತು. ಮೂರು ಮಡಿಕೆಗಳೂ ಕೂಡಿಯೇ ಕುಣಿದವು.

ಸಾಹೇಬರು ರಿಜಿಸ್ಟರ್ ತೆರೆದು ಪೆನ್ನು ಹಿಡಿದು ಯೋಚಿಸುತ್ತಿದ್ದರು. "ಏನಂತ ಬರೀಲಿ? ಅಂಗಿ ಸಿಕ್ಕಿಹಾಕಿಕೊಂಡಿದೆಯಲ್ಲ."

"ಅಂಗಿ ನಮ್ಮ ನೌಕರ ಅಲ್ಲ ಸಾರ್" ಎಂದರು ಸ್ಟೋರ್ ಕೀಪರ್ ಮೂಗೊರೆಸಿಕೊಳ್ಳುತ್ತ. "ಮನುಷ್ಯ ಇಳಿದಿದಾನೆ. ಪಾಸು ಅಂತ ಬರೀರಿ."

ಬಿಗಿ ಅಂಗಿಯನ್ನು ಭಾವ ವಾಪಸು ತೆಗೆದುಕೊಳ್ಳಲಿಲ್ಲ. ಪಂಪ್‌ಹೌಸಿನಲ್ಲಿ ದೊಡ್ಡ ಪೈಪಿನ ಜೋಡಣೆಯೊಂದು ಸೋರುತ್ತಿತ್ತು. ಹೊಸ ಭಾಗ ಬರುವವರೆಗೆ ಇರಲಿ ಎಂದು ಸ್ಟೋರ್ ಕೀಪರ್ ಅದಕ್ಕೆ ಈ ಅಂಗಿ ಸುತ್ತಿ ಇಪ್ಪತ್ತೆಂಟೂ ಕೊಕ್ಕೆ ಹಾಕಿಸಿದರು. ಸೋರುವುದು ನಿಂತಿತು. ಹೊಸ ಭಾಗದ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ.

ಮುಂದಿನ ಮಂಗಳವಾರ ಬೆಳಗ್ಗೆ ಬಿರಡೆಯಣ್ಣ ಮೂರನೆಯ ನಂಬರ್ ಟ್ಯಾಂಕಿನ ನೆತ್ತಿಯ ಮೇಲೆ ನಿಂತಿದ್ದ. ಬರೆದುಕೊಳ್ಳಲು ಬೇರೆ ಯಾರೂ ಬೇಡ, ತಾನೇ ಬರುತ್ತೇನೆಂದು ಸ್ಟೋರ್ ಕೀಪರ್ ಹಟ ಹಿಡಿದು, ನಾಲ್ಕು ಕಡೆ ಕೂತು ಸುಧಾರಿಸಿಕೊಂಡು, ಮೆಟ್ಟಿಲು ಹತ್ತಿ ಬಂದಿದ್ದರು. ಬಿರಡೆಯಣ್ಣ ಅಂಗಿ ಬಿಚ್ಚಿ ಕಂಬಿಗೆ ಸಿಕ್ಕಿಸಿದ, ಕೈ ಮೇಲೆತ್ತಿದ, ಇಳಿದ. ಬಾಯಿಯ ಅಂಚಿಗೆ ಬಂದಾಗ ಚರ್ಮ ಎತ್ತ ಒತ್ತಿದರೆ ಅತ್ತ ಸರಿದು ಅವನಿಗೆ ದಾರಿ ಬಿಟ್ಟಿತು. ಅದಕ್ಕೆ ಅಷ್ಟು ವಿಧೇಯತೆ ಇದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಳಗೆ ಅದೇ ತಂಪು, ಅದೇ ಪಾಚಿಯ ವಾಸನೆ, ಮೇಲಿನಿಂದ ಬಿದ್ದ ತಟ್ಟೆಯಗಲದ ಬೆಳಕು. ಎರಡು ವರ್ಷ ತಾನು ಇಲ್ಲಿಗೆ ಎಷ್ಟು ಹಂಬಲಿಸಿದ್ದೆ ಎಂಬುದು ಅವನಿಗೇ ಈಗ ತಿಳಿಯಿತು. ಟಾರ್ಚು ಹಿಡಿದು ಸುತ್ತಲೂ ನಡೆದ, ಗೋಡೆಯನ್ನು ಅಂಗೈಯಿಂದ ತಟ್ಟಿದ. ಒಳಗಿನ ಹಳೆಯ ಬಣ್ಣದ ಪದರ ಕೆಲವು ಕಡೆ ಗೋಡೆ ಬಿಟ್ಟು ಜೋಲುತ್ತಿತ್ತು. ಅವನು ಎದೆ ತುಂಬ ಉಸಿರೆಳೆದುಕೊಂಡು ಕೂಗಿದ.

"ಗೋಡೆ ಗಟ್ಟಿ. ತಳ ಗಟ್ಟಿ. ಮೇಲಿನ ಪದರ ಅಲ್ಲಲ್ಲಿ ಸಡಿಲ. ಸೋರಿಕೆ ಇಲ್ಲ."

ಟ್ಯಾಂಕು ನಾಲ್ಕು ಸಲ ಒಪ್ಪಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಬೆಳಕಿನ ತಟ್ಟೆಯಲ್ಲಿ ಸ್ಟೋರ್ ಕೀಪರರ ದುಂಡು ಮುಖ ಕಾಣಿಸಿತು.

"ಟ್ಯಾಂಕಿಂದು ಹೇಳ್ತಿದೀಯೋ, ನಿಂದು ಹೇಳ್ತಿದೀಯೋ?"

ಬಿರಡೆಯಣ್ಣ ತನ್ನ ಮೂರು ಮಡಿಕೆಗಳನ್ನೂ ಅಂಗೈಯಿಂದ ತಟ್ಟಿ ನೋಡಿದ.

"ಎರಡಕ್ಕೂ ಅದನ್ನೇ ಬರ್ಕೊಳ್ಳಿ" ಎಂದ.